ದೂಧಗಂಗಾ ಯಾರದು

ನಾನು ಮಾಡಿದ ತಪ್ಪಿಗೆ ಶೀತಲನನ್ನು ವರ್ಷಕ್ಕೊಮ್ಮೆ ಕ್ಷಮಿಸುತ್ತ ಬಂದಿದ್ದೇನೆ. ನೀವು ಓದಿದ್ದು ಸರಿಯಾಗಿಯೇ ಇದೆ. ತಪ್ಪು ಮಾಡಿದವನು ನಾನು, ಕೈಮುಗಿದು ಕ್ಷಮೆ ಕೇಳುತ್ತ ಬಂದವನು ಅವನು, ‘ಇರ್ಲಿ ಬಿಡೋ, ಅದೆಲ್ಲಾ ಯಾವಾಗೋ ಆತು’ ಎಂದು ದೊಡ್ಡ ಮನಸ್ಸಿನವನಾದದ್ದು ಮತ್ತೆ ನಾನೇ. ಒಂದು ಕಾಲಕ್ಕೆ ಇದರಿಂದ ನಾಚಿಕೆಯಾಗುತ್ತಿತ್ತು, ಊಟ ಸೇರುತ್ತಿರಲಿಲ್ಲ. ಈಗ ಆ ನಾಚಿಕೆಯೂ ಸವೆದುಹೋಗಿ ಬರೀ ದಣಿವು ಉಳಿದಿದೆ. ಬರೆದರೆ ಹಗುರಾಗುತ್ತೇನೆ ಎಂಬ ಆಸೆಯಿಂದ ಬರೆಯುತ್ತಿಲ್ಲ — ಅವನಿಗೆ ಸೇರಬೇಕಾದ ಒಂದು ಮಾತನ್ನು ನಾನು ಇಷ್ಟು ವರ್ಷ ನನ್ನ ಹತ್ತಿರ ಇಟ್ಟುಕೊಂಡಿದ್ದೇನೆ, ಅದಕ್ಕೆ.

ಶೀತಲ ಶೇಡಬಾಳದವನು, ಜೈನರ ಹುಡುಗ. ನಾನು ಬಸವರಾಜ, ಚಿಕ್ಕೋಡಿ ಕಡೆಯವನು. ಎಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ಕೃಷ್ಣೆಯ ದಂಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಾವಿಬ್ಬರೂ ಡ್ರಾಫ್ಟ್ಸ್‌ಮನ್ ಆಗಿದ್ದೆವು. ಕಾರ್ಖಾನೆಯ ಹೆಸರು ಇಲ್ಲಿ ಬೇಡ. ಪೈಪು, ಪಾತ್ರೆ, ಬಾಯ್ಲರು ಇವುಗಳ ನಕ್ಷೆ ಬರೆಯುವುದು ನಮ್ಮ ಕೆಲಸ. ಇಬ್ಬರೂ ಹಂಗಾಮಿ ನೌಕರರು; ಇಬ್ಬರಲ್ಲಿ ಒಬ್ಬನನ್ನು ಖಾಯಂ ಮಾಡುತ್ತಾರೆ ಎಂಬ ಮಾತು ಬಹಳ ದಿನದಿಂದ ತೇಲುತ್ತಿತ್ತು. ಸ್ಟೋರಿನ ಮೇಲಿನ ಒಂದು ಕೋಣೆ, ಎರಡು ಓರೆ ಹಲಗೆ, ಪ್ರಿಂಟು ತೆಗೆಯುವ ಅಮೋನಿಯಾದ ಕಣ್ಣುರಿ. ಕಬ್ಬು ನುರಿಸುವ ಕಾಲದಲ್ಲಿ ಉಸಿರಾಡಲೂ ಬಿಡುವಿಲ್ಲ. ಹಂಗಾಮು ಮುಗಿದ ಮೇಲೆ ಮಧ್ಯಾಹ್ನಗಳು ಸರಿಯುತ್ತಲೇ ಇರಲಿಲ್ಲ.

ಅಂಥ ಒಂದು ಮಧ್ಯಾಹ್ನ ಹಡಗಿನ ಹುಚ್ಚು ಹಿಡಿಯಿತು. ಹಿಡಿಸಿದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಮಿರಜದ ರದ್ದಿ ಅಂಗಡಿಯಲ್ಲಿ ತೂಕಕ್ಕೆ ಕೊಂಡ ಒಂದು ಹಳೆಯ ಇಂಗ್ಲಿಷ್ ಪುಸ್ತಕ ನನ್ನ ಹತ್ತಿರವಿತ್ತು — ರಟ್ಟು ಹರಿದಿತ್ತು, ಒಳಗೆ ಹಿಂದಿನ ಕಾಲದ ಯುದ್ಧನೌಕೆಗಳ ನಕ್ಷೆಗಳಿದ್ದವು. ನಾನು ಅಲ್ಲಿಯವರೆಗೆ ಸಮುದ್ರ ನೋಡಿರಲಿಲ್ಲ. ಶೀತಲ ಒಮ್ಮೆ ನೋಡಿದ್ದ, ರತ್ನಾಗಿರಿಯಲ್ಲಿ, ಬಸ್ಸಿನ ಕಿಟಕಿಯಿಂದ. ಆ ಒಂದು ಸಲದ ನೋಟದ ಮೇಲೆ ಅವನು ನಮ್ಮ ಕೋಣೆಯ ಸಮುದ್ರತಜ್ಞನಾಗಿದ್ದ.

‘ಕಿತ್ತೂರು ಸೋಲದೇ ಇದ್ದಿದ್ದರೆ?’ ಎಂದು ನಾನು ಶುರು ಮಾಡಿದೆ. ಸೋಲದೇ ಇದ್ದಿದ್ದರೆ ರಾಜ್ಯ ಬೆಳೆಯುತ್ತಿತ್ತು, ಘಟ್ಟ ಇಳಿದು ಕಾರವಾರ ಮುಟ್ಟುತ್ತಿತ್ತು. ಬಂದರು ಇದ್ದ ಮೇಲೆ ವ್ಯಾಪಾರ — ನಿಪ್ಪಾಣಿಯ ತಂಬಾಕು, ನಮ್ಮ ಬೆಲ್ಲ ಹಡಗು ಹತ್ತುತ್ತಿದ್ದವು. ವ್ಯಾಪಾರದ ಹಡಗುಗಳನ್ನು ಕಾಯಲು ನೌಕಾಪಡೆ ಬೇಕು. ಅಷ್ಟು ದೊಡ್ಡ ರಾಜ್ಯವಲ್ಲ, ಭಾರೀ ಯುದ್ಧನೌಕೆ ಸಾಕುವ ಶಕ್ತಿ ಇಲ್ಲ. ಹಾಗಾದರೆ ಹಗುರವಾದ, ಓಟದ, ಒಳ್ಳೆಯ ತೋಪುಗಳಿರುವ ಲೈಟ್ ಕ್ರೂಸರ್. ಈಗ ನಮ್ಮ ಕಡೆ ಕ್ರೂಸರ್ ಅಂದರೆ ಮದುವೆಗೆ ಜನ ತುಂಬಿಕೊಂಡು ಹೋಗುವ ಗಾಡಿ. ಆಗ ನಮಗಿಬ್ಬರಿಗೆ ಅದು ಬೇರೆಯೇ ಆಗಿತ್ತು.

ಶೀತಲ ಮೊದಲು ಒಪ್ಪಲಿಲ್ಲ. ‘ಕೊಲ್ಲೂ ಹಡಗ ನಾ ಯಾಕ ಬರೀಲೆಪಾ,’ ಅಂದ. ಎರಡು ದಿನ ಬಿಟ್ಟು, ಶರತ್ತು ಹಾಕಿ ಬಂದ. ಹಡಗಿನ ಅಡುಗೆಮನೆ ದೊಡ್ಡದಿರಬೇಕು, ಹೊತ್ತು ಮುಳುಗುವ ಮೊದಲೇ ಅಷ್ಟೂ ಜನಕ್ಕೆ ಊಟ ಮುಗಿಯುವಷ್ಟು. ಇನ್ನೊಂದು — ದೋಣಿಗಳು ಹೆಚ್ಚಿಗೆ ಬೇಕು.

‘ನಮ್ಮ ಮಂದಿಗೆ ಸಾಕಲ್ಲೋ ಇಷ್ಟು,’ ಅಂದೆ.

‘ನಮ್ಮ ಮಂದಿಗಲ್ಲಲೇ. ಅವರ ಹಡಗ ನಾವು ಮುಳುಗಿಸಿದ ಮ್ಯಾಲ ಅವರ ಮಂದಿ ನೀರಾಗ ಇರ್ತಾರಲ್ಲ. ಅವರಿಗೆ.’

ವೈರಿಗಳಿಗಾಗಿ ದೋಣಿ ಹೊತ್ತ ಯುದ್ಧನೌಕೆ ಜಗತ್ತಿನಲ್ಲಿ ಎಲ್ಲಿಯಾದರೂ ಇತ್ತೋ ಇಲ್ಲವೋ, ನಮ್ಮಲ್ಲಿ ಇತ್ತು. ಆ ದೋಣಿಗಳಿಗಾಗಿ ನಾನು ಟಾರ್ಪೆಡೋ ಬಿಡುವ ಕೊಳವೆಗಳನ್ನು ಅರ್ಧಕ್ಕೆ ಇಳಿಸಿದೆ, ಗೊಣಗುತ್ತ. ಮೇಲ್ಭಾರ ಹೆಚ್ಚಾಯಿತೆಂದು ತಳ ಅಗಲ ಮಾಡಿದೆವು. ತಳ ಅಗಲವಾದರೆ ಓಟ ಕಡಿಮೆ, ಓಟಕ್ಕೆ ಮತ್ತೊಂದು ಬಾಯ್ಲರು. ಹೀಗೆ ಒಂದಕ್ಕೊಂದು ಜಗ್ಗುತ್ತ ಒಂದು ಇಡೀ ಬೇಸಿಗೆ ಹೋಯಿತು. ಉದ್ದ ನಮಗೆ ಅಂದಾಜಾಗಲೆಂದು ಕಾರ್ಖಾನೆಯ ಗೇಟಿನಿಂದ ಸಕ್ಕರೆ ಗೋದಾಮಿನ ಕೊನೆಯವರೆಗೆ ನಡೆದು ನೋಡುತ್ತಿದ್ದೆವು. ‘ಇಲ್ಲಿ ಮುಂದಿನ ತೋಪು’ ಎಂದು ಶೀತಲ ತೂಕದ ಕಾಟಾದ ಹತ್ತಿರ ನಿಲ್ಲುತ್ತಿದ್ದ. ಕಾಟಾದ ಗುಮಾಸ್ತ ನಮ್ಮನ್ನು ನೋಡಿ ತಲೆ ಕೊಡವುತ್ತಿದ್ದ.

ಹೆಸರಿನ ಬಗ್ಗೆ ಜಗಳವೇ ಇರಲಿಲ್ಲ. ಹೊಳೆಗಳ ಹೆಸರು. ಮೊದಲನೆಯದು ದೂಧಗಂಗಾ, ಹಾಗಾಗಿ ಅದು ದೂಧಗಂಗಾ ವರ್ಗ. ಆಮೇಲೆ ವೇದಗಂಗಾ, ಹಿರಣ್ಯಕೇಶಿ, ಘಟಪ್ರಭಾ. ಕೃಷ್ಣಾ ಎಂಬ ಹೆಸರನ್ನು ಮುಂದೆ ಎಂದಾದರೂ ಮಾಡುವ ದೊಡ್ಡ ಹಡಗಿಗೆ ತೆಗೆದಿಟ್ಟೆವು. ಕೃಷ್ಣಾ ಬರೆಯುವ ದಿನ ಬರಲೇ ಇಲ್ಲ.

ಈಗ ನೀರಿನ ಮಾತು. ಇದು ಸ್ವಲ್ಪ ಕೆಲಸದ ಮಾತು, ಆದರೆ ನನ್ನ ತಪ್ಪು ಇದರಲ್ಲೇ ಕೂತಿದೆ, ಹಾಗಾಗಿ ಸಹಿಸಿಕೊಳ್ಳಿ.

ನಮಗೆ ಗೊತ್ತಿದ್ದ ಬಾಯ್ಲರು ಕಾರ್ಖಾನೆಯದು. ಅದಕ್ಕೆ ನೀರು ಹೊಳೆಯಿಂದ ಬರುತ್ತದೆ. ನಾನು ಹಡಗಿನ ಬಾಯ್ಲರಿಗೂ ಸಲೀಸಾಗಿ ಹೊರಗಿನ ನೀರಿನ ಪೈಪು ಜೋಡಿಸಿಬಿಟ್ಟಿದ್ದೆ. ಸುತ್ತ ಅಷ್ಟು ನೀರಿರುವಾಗ ಇನ್ನೇನು? ನಕ್ಷೆ ಶಾಯಿಯಲ್ಲಿ ಮುಗಿಯುವ ಹೊತ್ತಿಗೆ ಶೀತಲ ಬಂದು ನೋಡಿ, ನಗಲು ಶುರು ಮಾಡಿದವನು ಬಾಗಿಲು ಹಿಡಿದು ಕೂತುಬಿಟ್ಟ.

‘ಲೇ ಬಸ್ಯಾ, ಸಮುದ್ರಂದ್ರ ಕೃಷ್ಣಾ ಹೊಳಿ ಅಂದ್ಕೊಂಡಿಯೇನ? ಅದು ಉಪ್ಪಲೇ. ಸವಳು ಬಾವಿ ನೀರಿಗೇ ನಮ್ಮ ಬಾಯ್ಲರ್ ಟ್ಯೂಬ ಕಟ್ಕೋತಾವು, ಇದಕ್ಕ ಏನಾಕ್ಕಾವು ಹೇಳು.’

ಸಮುದ್ರದಿಂದ ದೂರದಲ್ಲಿ ಹುಟ್ಟಿದವರು ಮಾತ್ರ ಮಾಡುವ ತಪ್ಪು ಅದು. ನಾನೂ ನಕ್ಕೆ. ಮತ್ತೆ ಸಿಹಿನೀರು ಎಲ್ಲಿಂದ ತರುವುದು? ಆ ಉತ್ತರ ಶೀತಲನದು, ನಿಜಕ್ಕೂ ಅವನೊಬ್ಬನದು. ಕಾರ್ಖಾನೆಯಲ್ಲಿ ಕಬ್ಬಿನ ಹಾಲನ್ನು ಸಾಲಾಗಿ ನಿಂತ ದೊಡ್ಡ ಪಾತ್ರೆಗಳಲ್ಲಿ ಕುದಿಸುತ್ತೇವೆ; ಒಂದರ ಉಗಿ ಮುಂದಿನದನ್ನು ಕಾಯಿಸುತ್ತದೆ. ಅದೇ ಪಾತ್ರೆಗಳ ಸಾಲನ್ನು ಹಡಗಿನಲ್ಲಿಟ್ಟು, ಹಾಲಿನ ಬದಲು ಸಮುದ್ರದ ನೀರು ಕುದಿಸಿದರೆ? ಉಪ್ಪು ಕೆಳಗೆ ಉಳಿಯುತ್ತದೆ, ಉಗಿ ತಣ್ಣಗಾಗಿ ಸಿಹಿನೀರಾಗುತ್ತದೆ. ಅವನು ನಮ್ಮ ಕಾರ್ಖಾನೆಯ ಪಾತ್ರೆಗಳನ್ನೇ ಅಳತೆ ಬದಲಿಸದೆ ಹಡಗಿನ ಹೊಟ್ಟೆಯೊಳಗೆ ಪೆನ್ಸಿಲಿನಲ್ಲಿ ಬರೆದ. ಅಷ್ಟೂ ಪಾತ್ರೆಗಳ ನೀರನ್ನು ಕೂಡಿಸಿ ಬಾಯ್ಲರಿಗೆ ಒಯ್ಯುವ ಒಂದು ದಪ್ಪ ಗೆರೆ. ಅದರ ಮೇಲೆ ಶಾಯಿ ಎಳೆದವನು ನಾನು. ಹಡಗಿನಲ್ಲಿ ಆ ಗೆರೆ ಸರಿಯಾಗಿಯೇ ಇತ್ತು.

ಕಾರ್ಖಾನೆಯಲ್ಲಿ ಅದೇ ಗೆರೆ ಎಳೆಯಬಾರದು. ಮೊದಲ ಪಾತ್ರೆಯ ನೀರು ಮಾತ್ರ ಬಾಯ್ಲರಿಗೆ ಹೋಗಬೇಕು; ಅದು ಬಾಯ್ಲರಿನದೇ ಉಗಿ ತಣ್ಣಗಾದದ್ದು. ಉಳಿದವುಗಳದು ಹಾಲಿನಿಂದ ಎದ್ದ ಉಗಿಯ ನೀರು. ಕುದಿತ ಹೆಚ್ಚಾದರೆ ಅದರ ಜೊತೆ ಸಕ್ಕರೆಯೂ ಬರುತ್ತದೆ. ಸಕ್ಕರೆ ಹೊಕ್ಕರೆ ಬಾಯ್ಲರು ಹಾಳು. ನಮ್ಮಲ್ಲಿ ಅದು ಎಲ್ಲರಿಗೂ ಗೊತ್ತು, ಚಹಾ ತರುವವನಿಗೂ. ನನಗೂ ಗೊತ್ತಿತ್ತು.

ಮುಂದಿನ ಹಂಗಾಮಿನ ಹೊತ್ತಿಗೆ ಹೊಸದೊಂದು ಪಾತ್ರೆ ಕೂಡಿಸಿ ಪೈಪುಗಳನ್ನು ಬದಲಿಸಬೇಕೆಂದು ಆಯಿತು. ನಕ್ಷೆ ನನ್ನ ಹಲಗೆಗೆ ಬಂತು. ದಸರೆ ಹತ್ತಿರ ಬರುತ್ತಿತ್ತು, ಫಿಟ್ಟರುಗಳು ದಿನಾ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ನನ್ನ ಮನಸ್ಸು ದೂಧಗಂಗೆಯ ಹಿಂದಿನ ತೋಪಿನ ಗೋಪುರದಲ್ಲಿತ್ತು — ಅದರ ಸುತ್ತಳತೆ ಹೊಂದುತ್ತಿರಲಿಲ್ಲ. ಕೆಲಸ ಬೇಗ ಮುಗಿಸಿ ಅದಕ್ಕೆ ಮರಳಬೇಕೆಂದು ಒಂದು ಉಪಾಯ ಮಾಡಿದೆ. ಶೀತಲ ಹಡಗಿಗೆ ಬರೆದ ಪಾತ್ರೆಗಳು ಕಾರ್ಖಾನೆಯ ಅಳತೆಯವೇ ತಾನೆ? ಹಡಗಿನ ಹಾಳೆಯನ್ನು ಹಲಗೆಗೆ ಬಡಿದು, ಮೇಲೆ ಹೊಸ ಟ್ರೇಸಿಂಗ್ ಕಾಗದ ಹಾಸಿದೆ. ಆ ಕಾಗದದ ಮೂಲಕ ಕೆಳಗಿನದು ಕಾಣುತ್ತದೆ. ಕಂಡ ಪಾತ್ರೆಗಳ ಮೇಲೆ ಶಾಯಿ ಎಳೆದೆ. ಪಾತ್ರೆಗಳ ಜೊತೆ ಆ ದಪ್ಪ ಗೆರೆಯೂ ಕಂಡಿತು.

ಅದನ್ನೂ ಎಳೆದೆ. ಏಕೆ ಎಂದು ನನ್ನನ್ನೇ ಎಷ್ಟು ಸಲ ಕೇಳಿಕೊಂಡಿದ್ದೇನೆ — ಕಣ್ಣು ನೋಡಿತು, ಕೈ ಎಳೆಯಿತು, ನಡುವೆ ನಾನು ಇರಲಿಲ್ಲ. ಇದನ್ನು ನೆಪವೆಂದು ಹೇಳುತ್ತಿಲ್ಲ. ನಡುವೆ ನಾನು ಇರಬೇಕಾಗಿತ್ತು, ಅದಕ್ಕೇ ನನಗೆ ಪಗಾರ ಕೊಡುತ್ತಿದ್ದರು. ಆಮೇಲೆ ಶೀತಲ ಬಂದು ಹಾಳೆಯ ಮೇಲೆ ಅಳತೆ, ಹೆಸರುಗಳನ್ನು ಸ್ಟೆನ್ಸಿಲ್ ಇಟ್ಟು ಬರೆದ, ಯಾವಾಗಲೂ ಮಾಡುವಂತೆ; ಒಬ್ಬರ ಹಾಳೆಯಲ್ಲಿ ಇನ್ನೊಬ್ಬರು ಗೆರೆ ಎಳೆಯುವುದೂ, ಬಿಟ್ಟದ್ದನ್ನು ತುಂಬುವುದೂ ನಮ್ಮ ರೂಢಿಯಾಗಿತ್ತು. ಗಡಿಬಿಡಿಯಲ್ಲಿ ಯಾರೂ ಪರೀಕ್ಷಿಸಿ ಸಹಿ ಹಾಕಲಿಲ್ಲ. ಪ್ರಿಂಟು ತೆಗೆದು ಹಸಿಯಿರುವಾಗಲೇ ಒಯ್ದರು.

ಹಂಗಾಮು ಜೋರಾಗಿದ್ದಾಗ ಒಂದು ಬೆಳಿಗ್ಗೆ ಬಾಯ್ಲರಿನ ನೀರು ನೊರೆಯೇಳತೊಡಗಿತು. ಲ್ಯಾಬಿನವರು ಸಿಹಿ ಬಂದಿದೆ ಎಂದು ಹೇಳುವ ಹೊತ್ತಿಗೆ ತಡವಾಗಿತ್ತು, ಟ್ಯೂಬುಗಳು ಹೋದವು. ಯಾರಿಗೂ ಗಾಯವಾಗಲಿಲ್ಲ, ಅಷ್ಟು ಪುಣ್ಯ. ಆದರೆ ಕಾರ್ಖಾನೆ ನಿಂತಿತು. ಗೇಟಿನಿಂದ ರಸ್ತೆಯವರೆಗೆ, ರಸ್ತೆಯ ಮೇಲೂ ಕಬ್ಬಿನ ಗಾಡಿಗಳು. ಕಡಿದ ಕಬ್ಬು ಬಿಸಿಲಿಗೆ ಒಣಗುತ್ತ ತೂಕ ಕಳೆದುಕೊಳ್ಳುತ್ತಿತ್ತು. ಶಿರಗುಪ್ಪಿಯ ಒಬ್ಬ ಮುದುಕ ತನ್ನ ಗಾಡಿಯ ಕೆಳಗೇ ಮಲಗಿ, ಒಲೆ ಹೂಡಿ, ಬಂದವರನ್ನೆಲ್ಲ ‘ಯಾವಾಗ ಚಾಲೂ ಆಗತೈತ್ರಿ’ ಎಂದು ಕೇಳುತ್ತಿದ್ದ. ನನ್ನನ್ನೂ ಕೇಳಿದ. ನಾಳೆ ಆಗಬಹುದು ಅಂದೆ. ಆ ಹೊತ್ತಿಗಾಗಲೇ ಹಾಳೆ ತೆಗೆದು ನೋಡಿದ್ದೆ, ಗೆರೆ ಯಾರದೆಂದು ನನಗೆ ಗೊತ್ತಿತ್ತು.

ಚೀಫ್ ಇಂಜಿನಿಯರ್ ಸಾಹೇಬರು ಕೊಲ್ಹಾಪುರ ಕಡೆಯವರು. ಕೆಟ್ಟವರಲ್ಲ. ಮೇಲಿನವರು ಅವರನ್ನು ಹಿಂಡುತ್ತಿದ್ದರು, ಅವರು ಯಾರನ್ನಾದರೂ ಹಿಡಿಯಬೇಕಾಗಿತ್ತು. ನಮ್ಮ ಕಪಾಟು ತೆಗೆಸಿದಾಗ ಹಡಗಿನ ಹಾಳೆಗಳು ಸಿಕ್ಕವು. ನನ್ನನ್ನು ಒಬ್ಬನನ್ನೇ ಕರೆಸಿದರು. ಹಡಗಿನ ಹಾಳೆ, ಕಾರ್ಖಾನೆಯ ಹಾಳೆ ಎರಡನ್ನೂ ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದರು. ಗೆರೆ ಗೆರೆಯ ಮೇಲೆ ಕೂತಿತು, ಕೂದಲಿನಷ್ಟೂ ಆಚೀಚೆ ಇರಲಿಲ್ಲ.

‘ಹೇ ಜಹಾಜ ಕೋಣಾಚಂ?’ ಎಂದು ಕೇಳಿ, ನನಗೆ ಮರಾಠಿ ಬರುವುದು ಗೊತ್ತಿದ್ದೂ ಮತ್ತೆ ಕನ್ನಡದಲ್ಲಿ ಕೇಳಿದರು. ‘ಈ ಜಹಾಜ ಯಾರದು? ಜಹಾಜ ಯಾರದೈತಿ, ಈ ಗೆರಿನೂ ಅವಂದ. ಕಾರ್ಖಾನಿ ಪಗಾರ ತಗೊಂಡು ಖೇಳ ಮಾಡ್ಯಾನ.’

ಬಾಯಿ ತೆರೆದಿದ್ದೆ — ಹೇಳುವವನಿದ್ದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ನಿಜವಿರಲಾರದು. ಖಾಯಂ ಆಗುವ ಮಾತು ತಲೆಯಲ್ಲಿತ್ತು, ಅದನ್ನೂ ಹೇಳಿಬಿಡುತ್ತೇನೆ. ‘ಶೀತಲನ್ನ ಕರೀರಿ’ ಎಂದಷ್ಟೇ ಹೊರಗೆ ಬಂತು. ಕರೆದರು. ಅವನು ಒಳಗೆ ಬಂದಾಗ ಸಾಹೇಬರ ಕೈಯಲ್ಲಿದ್ದದ್ದು ಹಡಗಿನ ಹಾಳೆ ಒಂದೇ.

‘ಇದು ಯಾರದು?’

ಶೀತಲ ಹಾಳೆ ನೋಡಿದ. ನನ್ನನ್ನು ನೋಡಿದ. ಅವನ ಮುಖದಲ್ಲಿ ಸಣ್ಣ ನಗೆ ಬಂತು — ಕದ್ದು ಮಾವಿನಕಾಯಿ ತಿಂದದ್ದು ಸಿಕ್ಕಿಬಿದ್ದ ಹುಡುಗರ ನಗೆ. ಸ್ವಲ್ಪ ಬೈಸಿಕೊಳ್ಳಬೇಕಾದೀತು ಎಂದುಕೊಂಡಿದ್ದನೇ ಹೊರತು ಹೆಚ್ಚಿನದು ಅವನಿಗೆ ಹೊಳೆದಿರಲಿಲ್ಲ.

‘ನಮ್ದ್ರಿ, ಸಾಹೇಬ್ರ,’ ಅಂದ.

ನಮ್ಮ ಕಡೆ ಮಾತು ಹೇಗೆ ಎಂದು ನಿಮಗೆ ಗೊತ್ತು. ಒಬ್ಬನೇ ಇರುವವನೂ ‘ನಮ್ಮನಿ’ ಅನ್ನುತ್ತಾನೆ. ಒಂಟಿ ಎತ್ತಿನವನೂ ‘ನಮ್ದು ಎತ್ತು’ ಅನ್ನುತ್ತಾನೆ. ‘ನಂದು’ ಅನ್ನುವುದು ನಮಗೆ ಸ್ವಲ್ಪ ಒರಟು, ಅಹಂಕಾರ ಅನ್ನಿಸುತ್ತದೆ. ಸಾಹೇಬರು ಅದನ್ನು ಹಾಗೆಯೇ ಕೇಳಿಸಿಕೊಂಡರು: ನಮ್ದು ಅಂದರೆ ನನ್ನದು. ಆ ಕೋಣೆಯಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು, ಶೀತಲ ಆ ಮಾತನ್ನು ಅದರ ಪೂರ್ತಿ ಅರ್ಥದಲ್ಲಿ ಹೇಳಿದ್ದಾನೆಂದು. ನಮ್ಮದು. ನಮ್ಮಿಬ್ಬರದು. ಅವನು ನನ್ನನ್ನು ನೋಡಿ ಹೇಳಿದ್ದ.

ಸಾಹೇಬರು ನನ್ನ ಕಡೆ ತಿರುಗಿದರು. ‘ಖರೇ ಏನು?’

‘ಹೌದ್ರಿ,’ ಅಂದೆ.

ಅಷ್ಟೇ. ಇದನ್ನು ಸುಳ್ಳೆಂದು ಯಾರೂ ಹಿಡಿಯಲಾರರು. ಅವನು ಹೇಳಿದ್ದು ನಿಜ, ನಾನು ನಿಜ ಎಂದೆ. ಎಷ್ಟೋ ವರ್ಷ ಇದೇ ಲೆಕ್ಕಾಚಾರದಲ್ಲಿ ನಾನು ಉಂಡು ಮಲಗಿದ್ದೇನೆ.

ಆಮೇಲೆ ಸಾಹೇಬರು ಎರಡನೆಯ ಹಾಳೆ ತೆಗೆದರು, ಗೆರೆ ತೋರಿಸಿದರು. ಶೀತಲನ ನಗೆ ಇಳಿಯುವುದನ್ನು ನಾನು ನೋಡಲಿಲ್ಲ; ನೆಲ ನೋಡುತ್ತಿದ್ದೆ. ಅವನು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ. ಪಾತ್ರೆಗಳು ಅವನ ಪೆನ್ಸಿಲಿನವು, ಅಕ್ಷರಗಳು ಅವನವು. ‘ನಾ ಎಳದ ನೆನಪ ಇಲ್ರಿ,’ ಅಂದ. ಮತ್ತೆ ಅಕ್ಷರಗಳ ಮೇಲೆ ಬೆರಳಾಡಿಸಿ, ‘ಆದ್ರ… ಇರಬೇಕ್ರಿ,’ ಅಂದ. ಮರುದಿನದಿಂದ ಬರಬೇಡ ಎಂದರು. ಹಂಗಾಮಿ ನೌಕರನಿಗೆ ಅಷ್ಟು ಹೇಳಿದರೆ ಸಾಕು. ಹಡಗಿನ ಹಾಳೆಗಳನ್ನು ಸಾಹೇಬರು ಅಲ್ಲಿಯೇ ಹರಿದರು, ನಾಲ್ಕೂ ಹಡಗು. ನಾನು ಆ ವರ್ಷವೇ ಖಾಯಂ ಆದೆ.

ಅಕ್ಕೋಳದ ಒಂದು ಸಂಬಂಧ ಅವನಿಗೆ ಹೆಚ್ಚೂ ಕಡಿಮೆ ನಿಕ್ಕಿಯಾಗಿತ್ತು, ಕಾರ್ಖಾನೆಯ ನೌಕರಿ ನೋಡಿ ಬಂದವರು. ಅವರು ಹಿಂದೆ ಸರಿದರು. ಆಮೇಲೆ ಬೇರೆ ಕಡೆ ಮದುವೆಯಾಯಿತು, ಮಕ್ಕಳಾದರು, ಸಂಸಾರ ನಡೆಯಿತು. ಕಾಗವಾಡದ ರಸ್ತೆಯಲ್ಲಿ ಸಣ್ಣ ಖೋಲಿ ಹಿಡಿದು ಗಾಡಿಗಳಿಗೆ ನಂಬರು, ಹೆಸರು ಬರೆಯುವ ಪೇಂಟರ್ ಆದ. ಎಂದೂ ಇನ್ನೊಂದು ನಕ್ಷೆ ಬರೆಯಲಿಲ್ಲ. ಸಾಂಗಲಿಯ ಒಂದು ವರ್ಕ್‌ಶಾಪಿನವರು ಕರೆದಿದ್ದರು ಎಂದು ಕೇಳಿದ್ದೆ, ಹೋಗಲಿಲ್ಲ.

ಮುಂದಿನ ವರ್ಷ ಭಾದ್ರಪದದಲ್ಲಿ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಅವನು ನನ್ನ ಮನೆಗೆ ಬಂದ. ಅಂದು ಜೈನರು ಗುರುತಿನವರ ಹತ್ತಿರ ಹೋಗಿ, ಗೊತ್ತಿದ್ದೋ ಗೊತ್ತಿಲ್ಲದೆಯೋ ಆದ ತಪ್ಪಿಗೆ ಕ್ಷಮೆ ಕೇಳುತ್ತಾರೆ. ಯಾವ ತಪ್ಪು ಎಂದು ಹೇಳಬೇಕಿಲ್ಲ. ಮುಂಚೆಯೂ ಬರುತ್ತಿದ್ದ, ಆದರೆ ಅದು ಹಬ್ಬದ ಮಾತು, ನಗುತ್ತ ಮುಗಿಯುತ್ತಿತ್ತು. ಈ ಸಲ ಅವನು ಕೈಮುಗಿದು ಸ್ವಲ್ಪ ಹೊತ್ತು ಕೈ ಇಳಿಸಲಿಲ್ಲ.

‘ನನ್ನ ಕೈಲೆ ದೊಡ್ಡ ತಪ್ಪಾತು ಬಸು. ರೈತರ ಕಬ್ಬ ಒಣಗ್ತು. ಹಡಗಿನ ಸಲುವಾಗಿ ನಿನಗೂ ಮಾತ ಬಂದಿರಬೇಕು. ಕ್ಷಮಾ ಮಾಡು.’

ಆಗ ಹೇಳಬಹುದಿತ್ತು. ಅದಕ್ಕಿಂತ ಒಳ್ಳೆಯ ಹೊತ್ತು ಮನುಷ್ಯನಿಗೆ ಸಿಗುವುದಿಲ್ಲ — ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ಆ ಮಾತಿಗೆ ಅವನೇ ದಾರಿ ತೆರೆದಿದ್ದ. ‘ನನ್ನಿಂದ ತಪ್ಪಾಗಿದ್ರ ನೀನೂ ಕ್ಷಮಾ ಮಾಡು’ ಅಂದೆ. ಅದು ಆ ದಿನ ಎಲ್ಲರೂ ತಿರುಗಿ ಹೇಳುವ ಮಾತು. ಅದರೊಳಗೆ ನನ್ನ ತಪ್ಪನ್ನೂ ಮಡಚಿಟ್ಟು ಕೊಟ್ಟೆ, ಅವನಿಗೆ ತಿಳಿಯದ ಹಾಗೆ. ಕೊಟ್ಟಂತೆ ಆಯಿತು ಎಂದುಕೊಂಡೆ. ಆಮೇಲೆ, ‘ಇರ್ಲಿ ಬಿಡೋ’ ಅಂದೆ. ಅವನ ಕಣ್ಣುಗಳು ಒದ್ದೆಯಾದವು. ಚಹಾ ಕುಡಿದು ಹೋದ.

ಅಲ್ಲಿಂದ ಪ್ರತಿ ವರ್ಷ.

ತೊಂಬತ್ತರ ದಶಕದಲ್ಲಿ ಎತ್ತಿನ ಗಾಡಿಗಳು ಕಡಿಮೆಯಾಗಿ ಟ್ರ್ಯಾಕ್ಟರುಗಳು ಹೆಚ್ಚಾದವು. ಒಂದು ಹಂಗಾಮಿನಲ್ಲಿ ಕಾಟಾದ ಹತ್ತಿರ ನಿಂತಿದ್ದೆ, ನಮ್ಮ ಹಡಗಿನ ಮುಂದಿನ ತೋಪು ಇರಬೇಕಾಗಿದ್ದ ಜಾಗದಲ್ಲಿ. ಕಬ್ಬು ತುಂಬಿದ ಒಂದು ಟ್ರೇಲರ್ ತೂಕಕ್ಕೆ ಹತ್ತಿತು. ಹಿಂದಿನ ಹಲಗೆಯ ಮೇಲೆ ‘ದೂಧಗಂಗಾ’ ಎಂದಿತ್ತು. ಸ್ಟೆನ್ಸಿಲ್ಲಿನ ಅಕ್ಷರ, ಬೂದು ಬಣ್ಣದ ಮೇಲೆ ಬಿಳಿ — ಹಡಗಿಗೆ ನಾವು ಗೊತ್ತು ಮಾಡಿದ್ದ ಬಣ್ಣ. ಆ ತಿಂಗಳೊಳಗೆ ವೇದಗಂಗಾ ಬಂತು, ಹಿರಣ್ಯಕೇಶಿ ಬಂತು. ಘಟಪ್ರಭಾ ರಾಯಬಾಗ ಕಡೆಯ ಯಾರದೋ ಆಗಿತ್ತು. ದೇವರ ಹೆಸರು ಬರೆಸಲು ಹೋದ ರೈತರಿಗೆ ಶೀತಲ ಹೊಳೆಯ ಹೆಸರು ಹಾಕಿಸಿಕೊಳ್ಳಲು ಗಂಟು ಬೀಳುತ್ತಾನಂತೆ. ಒಪ್ಪಿದರೆ ಕೂಲಿ ತೆಗೆದುಕೊಳ್ಳುವುದಿಲ್ಲವಂತೆ. ‘ಅಂವ ಒಂಥರಾ ಮನಶಾ ಅದಾನ್ರಿ’ ಎಂದು ಚಾಲಕ ನಕ್ಕ. ನಾನು ಹೌದು ಅಂದೆ. ಮತ್ತೊಮ್ಮೆ ಹೌದು ಅಂದೆ, ಸಾಹೇಬರ ಮುಂದೆ ಅಂದಿದ್ದ ಅದೇ ಬಾಯಿಯಿಂದ.

ಅಂದೇ ಕಾಗವಾಡಕ್ಕೆ ಹೋದೆ, ಹೇಳಿಬಿಡಲು. ಹೇಳಬೇಕಾದ ಮಾತುಗಳನ್ನು ಬಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಅವನು ಕುಳಿತು ಒಂದು ನಂಬರ್ ಪ್ಲೇಟಿಗೆ ಗೆರೆ ಹಾಕುತ್ತಿದ್ದ — ಪೆನ್ಸಿಲಿನಲ್ಲಿ ಎಳೆದು, ಅಳಿಸಿ, ಮತ್ತೆ ಅಳೆದು, ಮತ್ತೆ ಎಳೆದು. ನಾಲ್ಕು ಅಂಕಿಗೆ ಇಷ್ಟೇಕೋ ಎಂದು ಕೇಳಿದೆ.

ತಲೆ ಎತ್ತದೆಯೇ ಹೇಳಿದ: ‘ನನ್ನ ಕೈ ಮ್ಯಾಲ ನಂಗ ನಂಬಿಕಿ ಇಲ್ಲೋ. ಆ ಗೆರಿ ಎಳದದ್ದು ನನಗ ಇವತ್ತಿಗೂ ನೆನಪಿಲ್ಲ ನೋಡು. ನೆನಪಿಲ್ಲದ ಎಳದಿತ್ತಲ್ಲ ಈ ಕೈ, ಮತ್ತೇನ ಎಳೀತೈತೋ.’

ನೌಕರಿ ಹೋದದ್ದು, ಸಂಬಂಧ ಮುರಿದದ್ದು ನನಗೆ ಗೊತ್ತಿತ್ತು. ಇದು ಗೊತ್ತಿರಲಿಲ್ಲ. ನಾನು ಅವನ ನೌಕರಿಯನ್ನಲ್ಲ, ಅವನ ಕೈಯನ್ನೇ ಅವನಿಂದ ಕಸಿದುಕೊಂಡಿದ್ದೆ. ಎಳೆಯದ ಗೆರೆಯನ್ನು ಎಳೆದೆನೆಂದು ನಂಬಿ, ಆ ನಂಬಿಕೆಯಲ್ಲೇ ಅವನು ಇಷ್ಟು ವರ್ಷ ಕುಂಚ ಹಿಡಿದಿದ್ದ. ಜೋಡಿಸಿಕೊಂಡು ಹೋದ ಮಾತುಗಳು — ಹೆದರಿಕೆ ಆಯಿತು. ಈಗ ಹೇಳಿದರೆ ನನ್ನ ತಪ್ಪು ಒಂದಲ್ಲ, ಅಷ್ಟೂ ವರ್ಷದ್ದು. ಸ್ಕೂಟರಿಗೆ ನಂಬರು ಬರೆಸಬೇಕಿತ್ತು ಎಂದೆ. ಬರೆದುಕೊಟ್ಟ. ಇವತ್ತಿಗೂ ಆ ಅಂಕಿಗಳು ಅಂಗಳದಲ್ಲಿ ನಿಂತಿವೆ, ಸ್ಕೂಟರು ಓಡುವುದಿಲ್ಲ.

ಹೆಡ್ ಡ್ರಾಫ್ಟ್ಸ್‌ಮನ್ ಆಗಿ ನಿವೃತ್ತನಾದೆ. ಸಾಹೇಬರು ತೀರಿಕೊಂಡು ಬಹಳ ಕಾಲವಾಯಿತು. ಆ ಶಿರಗುಪ್ಪಿಯ ಮುದುಕನೂ ಇರಲಾರ. ಕಾರ್ಖಾನೆ ಬೇರೆಯವರ ಕೈಗೆ ಹೋಗಿ, ಹಳೆಯ ಪಾತ್ರೆಗಳನ್ನು ಗುಜರಿಗೆ ಹಾಕಿದರು. ಕೇಳುವವರು ಯಾರೂ ಉಳಿದಿಲ್ಲ. ಶೀತಲ ಮಾತ್ರ ಇದ್ದಾನೆ, ಭಾದ್ರಪದ ಬಂದರೆ ಬರುತ್ತಾನೆ. ಕಳೆದ ಸಲ ಮೊಮ್ಮಗನ ಬೈಕಿನ ಹಿಂದೆ ಕೂತು ಬಂದಿದ್ದ. ಮಂಡಿನೋವು, ಮೆಟ್ಟಿಲು ಹತ್ತಲು ಆಗದೆ ಅಂಗಳದಲ್ಲೇ ನಿಂತು ಕೈಮುಗಿದ. ನಾನು ಮೇಲಿನ ಮೆಟ್ಟಿಲಲ್ಲಿ ನಿಂತು ‘ಇರ್ಲಿ ಬಿಡೋ’ ಅಂದೆ. ಅವನು ಹೋದ ಮೇಲೆ ಹೆಂಡತಿ ಕಪ್ಪು-ಬಸಿ ಎತ್ತುತ್ತ ಕೇಳಿದಳು.

‘ಅಂವ ಅಂಥಾದ್ದೇನ ಮಾಡ್ಯಾನಂತ ವರ್ಷಾ ಬಂದು ನಿಮ್ಮ ಮುಂದ ಕೈ ಮುಗೀತಾನ್ರಿ?’

ಸಂಸಾರ ಶುರುವಾದಂದಿನಿಂದ ನೋಡಿದವಳು, ಒಮ್ಮೆಯೂ ಕೇಳಿರಲಿಲ್ಲ. ‘ಏನೂ ಮಾಡಿಲ್ಲ’ ಅಂದೆ. ಬಾಯಿಂದ ಬಂದುಬಿಟ್ಟಿತು. ಆ ವಿಷಯದಲ್ಲಿ ನಾನು ಆಡಿದ ಮೊದಲ ನಿಜ ಅದು. ‘ಮತ್ತ ನೀವ್ಯಾಕ ಕ್ಷಮಾ ಮಾಡ್ತೀರಿ?’ ಎಂದವಳು ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಈ ಸಲ ಭಾದ್ರಪದಕ್ಕೆ ಕಾಯುವುದಿಲ್ಲ. ಅವನು ನನ್ನ ಅಂಗಳಕ್ಕೆ ಬರುವುದೂ ಬೇಡ. ನಾಳೆ ಬೆಳಿಗ್ಗೆಯ ಬಸ್ಸು ಹಿಡಿದು ಶೇಡಬಾಳಕ್ಕೆ ಹೋಗುತ್ತೇನೆ. ಹೊತ್ತು ಮುಳುಗಿದ ಮೇಲೆ ಅವನು ಉಣ್ಣುವುದಿಲ್ಲ, ಹಾಗಾಗಿ ಬೆಳಕಿರುವಾಗಲೇ ಹೇಳಿ ಮುಗಿಸಬೇಕು — ನನ್ನ ಮಾತಿನಿಂದ ಅವನ ಊಟ ತಪ್ಪಬಾರದು. ಕ್ಷಮೆ ಕೇಳುವುದಿಲ್ಲ. ಕೇಳಿದರೆ ಅವನು ಕೊಟ್ಟುಬಿಡುತ್ತಾನೆ, ಅವನ ರೂಢಿಯೇ ಅದು. ತಾನು ಮುಳುಗಿಸಿದ ವೈರಿಗಳಿಗೂ ದೋಣಿ ಇಟ್ಟವನಲ್ಲವೇ. ನಾನು ಆ ದೋಣಿ ಹತ್ತಲು ಹೋಗುತ್ತಿಲ್ಲ. ಆಮೇಲೆ ಅವನು ಬೈದರೂ ಸರಿ, ಬಾಗಿಲು ಹಾಕಿಕೊಂಡರೂ ಸರಿ. ಅವನ ಕೈ ತಪ್ಪು ಮಾಡಿರಲಿಲ್ಲ ಎಂಬುದು ಅವನಿಗೆ ತಿಳಿಯಬೇಕು. ಕಣ್ಣು ಮಸುಕಾಗುವ ಮೊದಲು, ಕೈ ನಡುಗುವ ಮೊದಲು — ಈಗಾಗಲೇ ತಡವಾಗಿರಬಹುದು.

ಹೇಳಬೇಕಾದದ್ದು ಬಹಳವಿಲ್ಲ. ಮನೆಯಲ್ಲಿ ಯಾರಿಗೂ ಕೇಳದಂತೆ ಮೆಲ್ಲಗೆ ಅಂದು ನೋಡಿದೆ, ಬಾಯಿಗೆ ರೂಢಿಯಿಲ್ಲದ ಮಾತು, ಒರಟಾಗಿಯೇ ಬಂತು.

ಶೀತಲ, ಹಡಗ ನಮ್ದು. ಆ ಗೆರಿ ನಂದು.